ಲಿನಕ್ಸ್‌ನಲ್ಲಿ ಎಕ್ಸ್11ಗೆ ವಿದಾಯ: ಉಬುಂಟು ಬಳಕೆದಾರರು ತಿಳಿಯಬೇಕಾದ್ದೇನು?

ವಿಶಾಖಪಟ್ಟಣ, ವಿಜಯವಾಡದ ಕಾಲೇಜು ಲ್ಯಾಬ್ ಆಗಲಿ, ಬೆಂಗಳೂರಿನ ಮನೆಯಾಗಲಿ, ಲಿನಕ್ಸ್ ಕಂಪ್ಯೂಟರ್ ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ಕೆಲಸವನ್ನು ದಶಕಗಳ ಕಾಲ ಮಾಡಿದ್ದು ಎಕ್ಸ್11. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವ್ಯವಸ್ಥೆಯ 11ನೇ ಆವೃತ್ತಿ ಇದು, ಬಂದಿದ್ದು 1987ರಲ್ಲಿ. 2025ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಉಬುಂಟು 25.10ರಲ್ಲಿ ಲಾಗಿನ್ ವೇಳೆ ಇದನ್ನು ಆರಿಸಿಕೊಳ್ಳುವ ಅವಕಾಶವೇ ಇಲ್ಲ. ಅಲ್ಲಿರುವುದು ವೇಲ್ಯಾಂಡ್ ಮಾತ್ರ.

ಯಾಕೆ ಈ ಬದಲಾವಣೆ? ಎಕ್ಸ್11ನಲ್ಲಿ ನೀವು ಒಂದು ಅಪ್ಲಿಕೇಶನ್‌ನಲ್ಲಿ ಒತ್ತುವ ಕೀಗಳನ್ನು ಮತ್ತೊಂದು ಅಪ್ಲಿಕೇಶನ್ ಕದ್ದು ನೋಡಬಹುದು, ಪರದೆಯ ಚಿತ್ರವನ್ನೂ ಸದ್ದಿಲ್ಲದೆ ತೆಗೆಯಬಹುದು. ಬ್ಯಾಂಕ್ ಪಾಸ್‌ವರ್ಡ್ ಟೈಪ್ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ. ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ಆರಂಭಿಸಿದ ವೇಲ್ಯಾಂಡ್‌ನಲ್ಲಿ ಟೈಪ್ ಮಾಡಿದ್ದು ತಲುಪುವುದು ಆ ಹೊತ್ತಿಗೆ ನೀವು ಬಳಸುತ್ತಿರುವ ವಿಂಡೋಗೆ ಮಾತ್ರ.

ಇದೇ ಬಿಗಿ ಕೆಲವರಿಗೆ ತಲೆನೋವೂ ಹೌದು. ಸ್ಕ್ರೀನ್ ಶೇರ್ ಮಾಡುವ, ಮೌಸನ್ನು ತಾನಾಗಿ ಓಡಿಸುವ ಹಳೆಯ ಸಾಫ್ಟ್‌ವೇರ್‌ಗಳು ಕೈಕೊಡಬಹುದು. ಉಳಿದ ಹಳೆಯ ಅಪ್ಲಿಕೇಶನ್‌ಗಳು ಹೆಚ್ಚಾಗಿ ಎಕ್ಸ್‌ವೇಲ್ಯಾಂಡ್ ಮೂಲಕ ಎಂದಿನಂತೆ ನಡೆಯುತ್ತವೆ. ಲ್ಯಾಬ್ ನೋಡಿಕೊಳ್ಳುವವರು ಮೊದಲು ಒಂದು ಕಂಪ್ಯೂಟರ್‌ನಲ್ಲಿ ಪರೀಕ್ಷಿಸಿ, ಆಮೇಲೆ ಉಳಿದವನ್ನು ಮುಟ್ಟುವುದು ಒಳ್ಳೆಯದು. ಅವಸರ ಬೇಕಿಲ್ಲ: ಉಬುಂಟು 24.04 ಇದ್ದರೆ ಲಾಗಿನ್ ಪರದೆಯ ಗಿಯರ್ ಗುರುತು ಒತ್ತಿ ಈಗಲೂ ಹಳೆಯದನ್ನೇ ಆರಿಸಿಕೊಳ್ಳಬಹುದು.