ಅಭಯಾರಣ್ಯದ ಎಲ್ಲೆ

ನಮ್ಮ ದೇಶದ ನೆಲ ಬಹು ಬಗೆಯದು. ಉತ್ತರದಲ್ಲಿ ಹಿಮಾಚ್ಛಾದಿತ ಪರ್ವತಗಳಿವೆ. ಪಶ್ಚಿಮದಲ್ಲಿ ಮರಳುಗಾಡೂ ಉಪ್ಪಿನ ಬಯಲೂ ಇವೆ. ಗಂಗೆಯು ಕಡಲನ್ನು ಸೇರುವೆಡೆಯಲ್ಲಿ ಉಬ್ಬರವಿಳಿತಗಳಿಗೆ ಸಿಕ್ಕಿ ಮುಳುಗೇಳುವ ಕಾಂಡ್ಲ ಕಾಡುಗಳಿವೆ. ದಕ್ಷಿಣದಲ್ಲಿ ಪಶ್ಚಿಮ ಘಟ್ಟಗಳ ನಿತ್ಯಹರಿದ್ವರ್ಣದ ಅರಣ್ಯಗಳಿವೆ. ಒಂದೊಂದು ನೆಲಕ್ಕೂ ಅದಕ್ಕೆ ಒಗ್ಗಿದ ಜೀವಸಂಕುಲವಿದೆ. ಲಡಾಖಿನ ಹಿಮಚಿರತೆಯು ಸುಂದರಬನದ ಕೆಸರಿನಲ್ಲಿ ಬಾಳಲಾರದು. ಕಚ್ಛದ ಚಿಕ್ಕ ರಣದಲ್ಲಿ ಓಡಾಡುವ ಕಾಡುಕತ್ತೆಗೆ ಮಲೆನಾಡಿನ ಮಳೆ ಸಲ್ಲದು. ಆದುದರಿಂದ ಒಂದು ಪ್ರಾಣಿಯನ್ನು ಉಳಿಸಬೇಕಾದರೆ ಅದರ ನೆಲವನ್ನೂ ಆ ನೆಲದ ಹುಲ್ಲು ನೀರುಗಳ ಕ್ರಮವನ್ನೂ ಉಳಿಸಬೇಕಾಗುತ್ತದೆ.

ಪ್ರಾಣಿಗಳಿಗೆ ಅಭಯ ನೀಡುವ ವಿಚಾರ ನಮಗೆ ಹೊಸದಲ್ಲ. ಅಶೋಕ ಚಕ್ರವರ್ತಿಯ ಐದನೆಯ ಸ್ತಂಭಶಾಸನದಲ್ಲಿ, ಕೊಲ್ಲಬಾರದ ಪ್ರಾಣಿಪಕ್ಷಿಗಳ ಪಟ್ಟಿಯೇ ಇದೆ. ಆದರೆ ಮುಂದೆ ಬೇಟೆಯು ಅರಸರ ಮತ್ತು ಅಧಿಕಾರಿಗಳ ವಿನೋದವಾಯಿತು. ಕಾಡು ಕಡಿದು ಹೊಲಗಳಾದವು. ಚೀತಾ ನಮ್ಮ ನಾಡಿನಿಂದ ಅಳಿದುಹೋಯಿತೆಂದು 1952ರಲ್ಲಿ ಸಾರಲಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮವೂ ಮರುವರ್ಷ ಹುಲಿ ಯೋಜನೆಯೂ ಜಾರಿಗೆ ಬಂದವು. ಈ ಯೋಜನೆಗೆ ಮೊದಲು ಆಯ್ಕೆಯಾದ ಒಂಬತ್ತು ತಾಣಗಳಲ್ಲಿ ನಮ್ಮ ಬಂಡೀಪುರವೂ ಒಂದು. ಇಂದು ದೇಶದಲ್ಲಿ ನೂರಕ್ಕೂ ಹೆಚ್ಚು ರಾಷ್ಟ್ರೀಯ ಉದ್ಯಾನಗಳೂ ಐನೂರಕ್ಕೂ ಹೆಚ್ಚು ಅಭಯಾರಣ್ಯಗಳೂ ಇವೆ. ಕಾನೂನು ಎಲ್ಲೆಯನ್ನು ಗುರುತಿಸಬಲ್ಲುದು; ಆದರೆ ಮೃಗಗಳ ಬದುಕು ಆ ಎಲ್ಲೆಯೊಳಗೇ ಮುಗಿಯುವುದಿಲ್ಲ.

ಅಸ್ಸಾಮಿನ ಕಾಜಿರಂಗವನ್ನು ನೋಡಬಹುದು. ಒಂಟಿಕೊಂಬಿನ ಘೇಂಡಾಮೃಗಗಳು ಬಹು ವಿರಳವಾಗಿದ್ದ ಕಾಲದಲ್ಲಿ, 1908ರಲ್ಲಿ, ಅದು ರಕ್ಷಿತಾರಣ್ಯವಾಯಿತು. 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2022ರ ಗಣತಿಯಲ್ಲಿ ಅಲ್ಲಿ 2,613 ಘೇಂಡಾಮೃಗಗಳು ಕಂಡುಬಂದವು. ಪ್ರತಿ ಮಳೆಗಾಲದಲ್ಲಿಯೂ ಬ್ರಹ್ಮಪುತ್ರೆ ಉಕ್ಕಿ ಈ ಬಯಲನ್ನು ಮುಳುಗಿಸುತ್ತದೆ. ಹೊರಗಿನವರಿಗೆ ಇದು ಕೇವಲ ವಿಪತ್ತಾಗಿ ತೋರಬಹುದು. ಆದರೆ ನೆರೆಯು ಹೊಸ ಮೆಕ್ಕಲನ್ನು ತಂದು ಹರಡುತ್ತದೆ, ಜಲಾಶಯಗಳಲ್ಲಿ ತುಂಬಿದ ಅಂತರಗಂಗೆಯನ್ನು ಕೊಚ್ಚಿಕೊಂಡು ಹೋಗುತ್ತದೆ, ಹುಲ್ಲುಗಾವಲು ಮರಗಾಡಾಗದಂತೆ ತಡೆಯುತ್ತದೆ. ನೆರೆಯಿಲ್ಲದೆ ಕಾಜಿರಂಗವಿಲ್ಲ. ನೀರು ಏರಿದಾಗ ಪ್ರಾಣಿಗಳು ದಕ್ಷಿಣದ ಕಾರ್ಬಿ ಆಂಗ್ಲಾಂಗ್ ಬೆಟ್ಟಗಳತ್ತ ಹೊರಡುತ್ತವೆ. ಆ ಬೆಟ್ಟಗಳು ಉದ್ಯಾನದ ಹೊರಗಿವೆ; ನಡುವೆ ಹೆದ್ದಾರಿ ಹಾದುಹೋಗಿದೆ. ಉದ್ಯಾನದ ಭವಿಷ್ಯವು ಈ ದಾರಿಗಳು ತೆರೆದಿರುವುದನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಮಣಿಪುರದ ಕೈಬುಲ್ ಲಾಮ್‌ಜಾವೊ ಇನ್ನೂ ವಿಚಿತ್ರವಾದ ತಾಣ. ಸುಮಾರು 40 ಚದರ ಕಿಲೋಮೀಟರುಗಳ ಈ ಉದ್ಯಾನದ ಬಹುಭಾಗ ಲೋಕ್‌ಟಾಕ್ ಸರೋವರದ ನೀರಿನ ಮೇಲೆ ತೇಲುತ್ತಿದೆ! ಕೊಳೆತ ಸಸ್ಯ, ಬೇರು ಮತ್ತು ಮಣ್ಣು ಹೆಣೆದುಕೊಂಡು ದಪ್ಪ ಹಾಸುಗಳಾಗಿ ನೀರಿನಲ್ಲಿ ತೇಲುತ್ತವೆ. ಇವುಗಳಿಗೆ ಫುಮ್ಡಿ ಎಂದು ಹೆಸರು. ಇವುಗಳ ಬಹುಪಾಲು ನೀರಿನಲ್ಲಿ ಅಡಗಿದ್ದು, ಸ್ವಲ್ಪ ಭಾಗ ಮಾತ್ರ ಮೇಲೆ ಕಾಣುತ್ತದೆ. ಇದರ ಮೇಲೆ ಬೆಳೆದ ಹುಲ್ಲು ಜೊಂಡುಗಳ ನಡುವೆ ಸಾಂಗಾಯ್ ಎಂಬ ಜಿಂಕೆ ವಾಸಿಸುತ್ತದೆ. ಹುಬ್ಬಿನ ಬಳಿಯಿಂದ ಮುಂದಕ್ಕೆ ಬಾಗುವ ಕೊಂಬುಗಳು ಅದರ ಲಕ್ಷಣ. ಈ ಜಿಂಕೆ ಅಳಿಯಿತೆಂದೇ ಒಮ್ಮೆ ನಂಬಲಾಗಿತ್ತು. 1953ರಲ್ಲಿ ಮತ್ತೆ ಕಂಡಿತು. 1975ರ ಎಣಿಕೆಯಲ್ಲಿ ದೊರೆತವು ಕೇವಲ 14. ಎರಡು ವರ್ಷಗಳ ಬಳಿಕ ಆ ಜಾಗ ರಾಷ್ಟ್ರೀಯ ಉದ್ಯಾನವಾಯಿತು. 2016ರ ವೇಳೆಗೆ ಜಿಂಕೆಗಳ ಸಂಖ್ಯೆ 260ಕ್ಕೆ ಏರಿತು.

ಸಂತಸದ ಈ ಲೆಕ್ಕದ ಕೆಳಗೆ ಒಂದು ಆತಂಕವೂ ಇದೆ. ಹಿಂದೆ ಬೇಸಗೆಯಲ್ಲಿ ಸರೋವರದ ನೀರು ಇಳಿದಾಗ ಫುಮ್ಡಿಗಳು ತಳವನ್ನು ಮುಟ್ಟುತ್ತಿದ್ದವು. ಸಸ್ಯಗಳ ಬೇರುಗಳು ಮಣ್ಣಿನಿಂದ ಸಾರವನ್ನು ಹೀರಿ ಹಾಸನ್ನು ದಪ್ಪಗೊಳಿಸುತ್ತಿದ್ದವು. ಮಳೆಗಾಲದಲ್ಲಿ ಅವು ಮತ್ತೆ ತೇಲುತ್ತಿದ್ದವು. 1983ರಲ್ಲಿ ಇಥಾಯ್ ಎಂಬಲ್ಲಿ ನದಿಗೆ ಅಡ್ಡಕಟ್ಟೆ ನಿರ್ಮಿಸಿ, ವಿದ್ಯುತ್ತಿಗಾಗಿ ನೀರನ್ನು ವರ್ಷವಿಡೀ ಎತ್ತರದಲ್ಲಿ ನಿಲ್ಲಿಸಲಾಯಿತು. ಅಂದಿನಿಂದ ಹಾಸುಗಳಿಗೆ ತಳದ ಆಹಾರ ತಪ್ಪಿತು, ಅವು ತೆಳುವಾಗುತ್ತಿವೆ. ತೆಳುವಾದ ಹಾಸು ಜಿಂಕೆಯ ಭಾರವನ್ನು ತಾಳಲಾರದು. ದಡದ ರೈತರ ಗದ್ದೆಗಳೂ ಆ ನೀರಿನಲ್ಲಿ ಮುಳುಗಿದವು. ಕಾವಲುಗಾರನು ಬೇಟೆಗಾರನನ್ನು ತಡೆಯಬಹುದು, ಆದರೆ ಉದ್ಯಾನದ ಹೊರಗಿನ ಕಟ್ಟೆಯನ್ನು ತಡೆಯುವುದು ಹೇಗೆ?

ರಾಜಸ್ಥಾನದ ಭರತಪುರದಲ್ಲಿ ನಡೆದುದು ಬೇರೊಂದು ಬಗೆಯದು. ಅಲ್ಲಿಯ ಜೌಗುನೆಲವನ್ನು ಅರಸರು ಬಾತುಕೋಳಿಗಳ ಬೇಟೆಗಾಗಿ ಕಾಲುವೆ ಏರಿಗಳಿಂದ ಅಣಿಗೊಳಿಸಿದ್ದರು. 1938ರಲ್ಲಿ ಒಂದೇ ದಿನ ವೈಸರಾಯರ ತಂಡ ನಾಲ್ಕು ಸಾವಿರಕ್ಕೂ ಹೆಚ್ಚು ಹಕ್ಕಿಗಳನ್ನು ಹೊಡೆದುರುಳಿಸಿತು. ಮುಂದೆ ಅದೇ ತಾಣ ಕೇವಲಾದೇವ ರಾಷ್ಟ್ರೀಯ ಉದ್ಯಾನವಾಯಿತು. ಹಕ್ಕಿಗಳ ಹಿತಕ್ಕಾಗಿ 1982ರಲ್ಲಿ ದನ ಎಮ್ಮೆಗಳ ಮೇವನ್ನು ನಿಷೇಧಿಸಿದಾಗ ಹಳ್ಳಿಗರು ಪ್ರತಿಭಟಿಸಿದರು. ಪೊಲೀಸರ ಗುಂಡಿಗೆ ಪ್ರಾಣಹಾನಿಯೂ ಆಯಿತು. ಆ ಬಳಿಕ ಕಂಡದ್ದು ಯಾರೂ ನಿರೀಕ್ಷಿಸದ ಫಲ. ಎಮ್ಮೆಗಳು ಮೇಯುವುದು ನಿಂತೊಡನೆ ಒಂದು ಜಾತಿಯ ಹುಲ್ಲು ನೀರನ್ನೆಲ್ಲ ಮುಚ್ಚಿತು. ತೆರೆದ ನೀರನ್ನು ಬಯಸುವ ಹಕ್ಕಿಗಳಿಗೆ ಎಡೆಯಿಲ್ಲದಂತಾಯಿತು. ಕೊನೆಗೆ ಹುಲ್ಲು ಕೊಯ್ದು ಒಯ್ಯಲು ಅದೇ ಹಳ್ಳಿಗರಿಗೆ ಅನುಮತಿ ಕೊಡಬೇಕಾಯಿತು.

ಮನುಷ್ಯನ ನೆರೆಯನ್ನೇ ಬಯಸಿ ಬರುವ ಹಕ್ಕಿಗಳೂ ಉಂಟು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಿಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಅವುಗಳ ಹಿಕ್ಕೆಯನ್ನು ಊರವರು ಹೊಲಕ್ಕೆ ಗೊಬ್ಬರವಾಗಿ ಬಳಸುತ್ತ ಬಂದಿದ್ದಾರೆ. 2007ರಲ್ಲಿ ಸರ್ಕಾರವು ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಹಕ್ಕಿಗಳಿಗೂ ಊರವರಿಗೂ ಅದಕ್ಕೆ ಬಹು ಹಿಂದಿನಿಂದಲೇ ಒಪ್ಪಂದವಿತ್ತೆನ್ನಬೇಕು.

ಇನ್ನು ಗುಜರಾತಿನ ಗಿರ್ ಅರಣ್ಯ. ಆಫ್ರಿಕದ ಹೊರಗೆ ಸಿಂಹಗಳು ಕಾಡಿನಲ್ಲಿ ಉಳಿದಿರುವುದು ಈ ಸೀಮೆಯಲ್ಲಿ ಮಾತ್ರ. ಜುನಾಗಢದ ನವಾಬರು ಬೇಟೆಯನ್ನು ತಡೆದುದರಿಂದ ಅವು ಬದುಕಿದವು. 2025ರ ಗಣತಿಯಲ್ಲಿ 891 ಸಿಂಹಗಳಿದ್ದವು. ಎಲ್ಲವೂ ಒಂದೇ ಕಡೆ ಇರುವುದು ಅಪಾಯಕರ. 2018ರಲ್ಲಿ ಸೋಂಕುರೋಗ ಹರಡಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಆ ಭೀತಿ ಎಲ್ಲರಿಗೂ ಅರಿವಾಯಿತು. ಕೆಲವನ್ನು ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ಸಾಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲೇ ಹೇಳಿತ್ತು. ಆದರೆ 2022ರಲ್ಲಿ ಕುನೋಗೆ ಬಂದವು ನಮೀಬಿಯದ ಚೀತಾಗಳು. ಇತ್ತ ಗಿರ್ ಅರಣ್ಯದಲ್ಲಿ ಹಿಡಿಸದಷ್ಟು ಬೆಳೆದ ಸಿಂಹಗಳು ತಾವಾಗಿಯೇ ಹೊರನಡೆದಿವೆ. ಅರ್ಧಕ್ಕಿಂತ ಹೆಚ್ಚಿನವು ಈಗ ಉದ್ಯಾನದ ಹೊರಗೆ, ಹೊಲ ತೋಟಗಳ ನಡುವೆ ಇವೆ. ರಾತ್ರಿಯಲ್ಲಿ ತಿರುಗಾಡುವಾಗ ಅವು ಕಟ್ಟೆಯಿಲ್ಲದ ಬಾವಿಗಳಲ್ಲಿ ಬಿದ್ದು ಸಾಯುತ್ತಿದ್ದವು. ಹೀಗಾಗಿ ಆ ಸೀಮೆಯ ಹೊಲಗಳಲ್ಲಿ ಸಾವಿರಾರು ಬಾವಿಗಳ ಸುತ್ತ ಕಟ್ಟೆ ಕಟ್ಟಲಾಗಿದೆ.