ತಪ್ಪಿ ಬಂದ ರೊಕ್ಕ ಯಾರದು?

ಕಳೆದ ಕೊಯ್ಲಿನ ಲೆಕ್ಕ ಮುಗಿಸುವ ಹೊತ್ತಿಗೆ ನಮ್ಮ ಸದಸ್ಯರೊಬ್ಬರು ಕಚೇರಿಗೆ ಬಂದು ಒಂದು ಪ್ರಶ್ನೆ ಇಟ್ಟರು. ಅವರ ಕಾಫಿ ತೋಟಕ್ಕೆ ಹಣ್ಣು ಕೊಯ್ಯಲು ಬೆಳಗಾವಿ ಜಿಲ್ಲೆಯ ಸವದತ್ತಿ, ರಾಮದುರ್ಗ ಕಡೆಯಿಂದ ಆರು ಜನರ ತಂಡವೊಂದು ಬಂದಿತ್ತು. ಕೊನೆಯ ಬಟವಾಡೆಯನ್ನು ಬ್ಯಾಂಕಿನ ಮೂಲಕ ಕಳುಹಿಸುವಾಗ ತೋಟದ ರೈಟರು ಕಣ್ತಪ್ಪಿನಿಂದ ಒಂದೇ ಪಟ್ಟಿಯನ್ನು ಎರಡು ಸಲ ಕಳುಹಿಸಿಬಿಟ್ಟರು. ಅಷ್ಟರಲ್ಲಿ ಜನ ಊರು ಸೇರಿಯಾಗಿತ್ತು. "ಬಡವರ ಕೈಗೆ ಹೋದ ಹಣ. ಕೇಳಬಹುದೇ? ಕೇಳಿದರೆ ಬಂದೀತೇ?" ಎಂಬುದು ಸದಸ್ಯರ ಚಿಂತೆ.

ಅವರು ಈ ಯೋಚನೆಯಲ್ಲಿರುವಾಗಲೇ ಮೇಸ್ತ್ರಿಯ ಫೋನು ಬಂತು. "ಸಾವಕಾರ್ರ, ರೊಕ್ಕ ಎರಡ ಸಲ ಬಂದೈತ್ರಿ. ನಾಕ ಮಂದಿ ಹಂಗ ಇಟ್ಟಾರ. ಇಬ್ಬರು ಇನಾಮ ಕೊಟ್ಟೀರಿ ಅಂತ ತಿಳದು ಅಂಗಡಿ ಸಾಲಾ ತೀರಿಸ್ಯಾರ್ರಿ. ಏನ್ ಮಾಡೂಣ?"

ಪ್ರಶ್ನೆ ಚಿಕ್ಕದಾಗಿ ಕಂಡರೂ ಅದರ ಬೇರು ಆಳವಾಗಿದೆ. ತಪ್ಪಿ ಬಂದ ಹಣವನ್ನು ಇಟ್ಟುಕೊಳ್ಳುವುದು ಸರಿಯೇ? ಇಟ್ಟುಕೊಂಡರೆ ಏನಾಗುತ್ತದೆ? ಖರ್ಚಾಗಿ ಹೋಗಿದ್ದರೆ ಏನು ಮಾಡಬೇಕು? ಸದಸ್ಯ ಬಾಂಧವರ ತಿಳುವಳಿಕೆಗಾಗಿ ಇವನ್ನು ಒಂದೊಂದಾಗಿ ನೋಡೋಣ.

ಮೊದಲು ಕಾನೂನು. 1872ರ ಭಾರತೀಯ ಕರಾರು ಕಾಯ್ದೆಯ 72ನೆಯ ಕಲಮು ಸ್ಪಷ್ಟವಾಗಿದೆ: ತಪ್ಪು ತಿಳುವಳಿಕೆಯಿಂದಾಗಲಿ ಬಲವಂತದಿಂದಾಗಲಿ ಯಾರಿಗೆ ಹಣ ಸಂದಿದೆಯೋ ಅವರು ಅದನ್ನು ಹಿಂದಿರುಗಿಸಬೇಕು. ಕಾಯ್ದೆಯಲ್ಲಿಯೇ ಒಂದು ಉದಾಹರಣೆಯಿದೆ. ಇಬ್ಬರು ಸೇರಿ ಒಬ್ಬನಿಗೆ 100 ರೂಪಾಯಿ ಕೊಡಬೇಕಾಗಿತ್ತು. ಒಬ್ಬ ಪೂರ್ತಿ ಕೊಟ್ಟ. ಇದನ್ನು ತಿಳಿಯದೆ ಇನ್ನೊಬ್ಬನೂ 100 ರೂಪಾಯಿ ಕೊಟ್ಟ. ಎರಡನೆಯ ಸಲ ಪಡೆದ ಹಣವನ್ನು ಸಾಲಿಗ ಹಿಂದಕ್ಕೆ ಕೊಡಲೇಬೇಕು. ನಮ್ಮ ಸದಸ್ಯರ ಬಟವಾಡೆಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಕಾನೂನನ್ನು ತಪ್ಪಾಗಿ ತಿಳಿದು ಕೊಟ್ಟ ಹಣಕ್ಕೂ ಈ ಕಲಮು ಅನ್ವಯಿಸುತ್ತದೆಂದು ಬನಾರಸಿನ ಮಾರಾಟ ತೆರಿಗೆ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 1958ರಲ್ಲಿ ತೀರ್ಪು ಕೊಟ್ಟಿತು. ದಾವಾ ಹಾಕಲು ಸಾಮಾನ್ಯವಾಗಿ ಮೂರು ವರ್ಷದ ವಾಯಿದೆ. ಆದರೆ ಅದನ್ನು ಎಣಿಸುವುದು ತಪ್ಪು ಗೊತ್ತಾದ ದಿನದಿಂದ, ಅಥವಾ ಸಾಕಷ್ಟು ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದಿನದಿಂದ.

ಇದು ದಿವಾಣಿ ಮಾತಾಯಿತು. ತನ್ನದಲ್ಲವೆಂದು ತಿಳಿದ ಮೇಲೂ ಅಪ್ರಾಮಾಣಿಕ ಬುದ್ಧಿಯಿಂದ ಉಪಯೋಗಿಸಿಕೊಂಡರೆ ಅದು ಅಪರಾಧವೂ ಆಗಬಹುದು. ಮೊದಲು ಇದು ದಂಡ ಸಂಹಿತೆಯ 403ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 314ನೆಯ ಕಲಮಿನಲ್ಲಿದೆ. ಶಿಕ್ಷೆ ಆರು ತಿಂಗಳಿಗೆ ಕಡಿಮೆಯಿಲ್ಲದೆ ಎರಡು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಹಣ ಬಂದದ್ದು ಅಪರಾಧವಲ್ಲ. ತಿಳಿದ ಮೇಲೆ ಸುಮ್ಮನೆ ನುಂಗುವುದು ಅಪರಾಧ.

"ತಪ್ಪು ಮಾಡಿದವರು ಅವರು, ಅನುಭವಿಸಲಿ" ಎಂದು ಹೇಳುವವರಿದ್ದಾರೆ. 2021ರಲ್ಲಿ ಬಿಹಾರದ ಖಗಡಿಯಾ ಜಿಲ್ಲೆಯ ಒಬ್ಬರ ಖಾತೆಗೆ ಬ್ಯಾಂಕಿನ ತಪ್ಪಿನಿಂದ ಐದೂವರೆ ಲಕ್ಷ ರೂಪಾಯಿ ಜಮೆಯಾಯಿತು. ಅದು ಸರಕಾರ ಕಳುಹಿಸಿದ ಹಣವೆಂದು ತಿಳಿದು ಖರ್ಚು ಮಾಡಿದೆ ಎಂದು ಅವರು ಹಟ ಹಿಡಿದರು. ಕೊನೆಗೆ ಪೊಲೀಸರು ಬಂಧಿಸಿದರು. 2023ರ ನವೆಂಬರಿನಲ್ಲಿ ಯೂಕೋ ಬ್ಯಾಂಕಿನಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟಾಗಿ ಸುಮಾರು 820 ಕೋಟಿ ರೂಪಾಯಿ ತಪ್ಪು ಖಾತೆಗಳಿಗೆ ಜಮೆಯಾಯಿತು. ಕೆಲವೇ ದಿನಗಳಲ್ಲಿ ಸುಮಾರು 649 ಕೋಟಿಯನ್ನು ಬ್ಯಾಂಕು ಹಿಂದಕ್ಕೆ ಪಡೆಯಿತು. ಉಳಿದುದರ ಬೆನ್ನು ಹತ್ತಬೇಕಾಯಿತು. ಅಮೆರಿಕದಲ್ಲಿ ಸಿಟಿಬ್ಯಾಂಕು 2020ರಲ್ಲಿ ಬಡ್ಡಿ ಮಾತ್ರ ಕೊಡುವ ಬದಲು ಸಾಲದ ಅಸಲನ್ನೂ ಸೇರಿಸಿ ಸುಮಾರು 90 ಕೋಟಿ ಡಾಲರನ್ನು ಸಾಲ ಕೊಟ್ಟವರಿಗೆ ಕಳುಹಿಸಿತು. ಬರಬೇಕಾದ ಬಾಕಿಯೇ ಬಂದಿದೆ ಎಂದು ಕೆಲವರು ಇಟ್ಟುಕೊಂಡರು. 2021ರಲ್ಲಿ ಕೆಳಗಿನ ನ್ಯಾಯಾಲಯ ಅವರ ಪರವಾಗಿ ಹೇಳಿತಾದರೂ 2022ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಕಳೆದುಕೊಂಡವನು ದೊಡ್ಡವನು, ಅಜಾಗರೂಕ ಎಂಬ ಕಾರಣಕ್ಕೆ ಅವನ ಹಣ ನಮ್ಮದಾಗುವುದಿಲ್ಲ. ಬೇಲಿ ಮುರಿದಿದ್ದರೆ ಪಕ್ಕದ ತೋಟದ ಅಡಿಕೆ ನಮ್ಮದಾಗುತ್ತದೆಯೇ?

ಸರಕಾರದ ಹಣದ ವಿಷಯದಲ್ಲಿ ನಮ್ಮ ಮನಸ್ಸು ಇನ್ನೂ ಸಡಿಲ. 2019ರಲ್ಲಿ ಆರಂಭವಾದ ಪಿ.ಎಂ. ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಬರುತ್ತದೆ. ಆದಾಯ ತೆರಿಗೆ ಕಟ್ಟುವವರಿಗೆ ಇದು ಸಲ್ಲದು. ಆದರೂ 4,350 ಕೋಟಿಗೂ ಮಿಕ್ಕಿದ ಹಣ ಅರ್ಹರಲ್ಲದವರಿಗೆ ಹೋಗಿದೆಯೆಂದು ಕೇಂದ್ರ ಸರಕಾರವೇ 2022ರಲ್ಲಿ ಲೋಕಸಭೆಗೆ ತಿಳಿಸಿತು. ನಮ್ಮ ಬೆಳೆಗಾರರಲ್ಲಿ ಬೇರೆ ವರಮಾನಕ್ಕೆ ತೆರಿಗೆ ಕಟ್ಟುವವರು ಇದ್ದಾರೆ. ಅವರು ತಮ್ಮ ಪಾಸುಪುಸ್ತಕವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಲಪ್ರಭೆ ಉಕ್ಕಿ ರಾಮದುರ್ಗದ ಪೇಟೆಯೊಳಗೇ ನುಗ್ಗಿತು. ಸವದತ್ತಿ ತಾಲ್ಲೂಕಿನ ಹೊಳೆಸಾಲಿನ ಊರುಗಳಲ್ಲೂ ಮನೆ, ಹೊಲ ಹೋದವು. ಆಗ ರಾಜ್ಯ ಸರಕಾರ ತಕ್ಷಣದ ಪರಿಹಾರವಾಗಿ ಕುಟುಂಬಕ್ಕೆ 10,000 ರೂಪಾಯಿಯನ್ನೂ, ಪೂರ್ತಿ ಬಿದ್ದ ಮನೆಗೆ 5 ಲಕ್ಷವನ್ನೂ ಗೊತ್ತು ಮಾಡಿತ್ತು. ಇಂಥ ಹಣ ಹೆಸರಿನ ಸಾಮ್ಯದಿಂದಲೋ ಖಾತೆಯ ಒಂದು ಅಂಕಿ ತಪ್ಪಿಯೋ ಬೇರೊಬ್ಬರಿಗೆ ಸೇರಿದರೆ, ಅದನ್ನು ಇಟ್ಟುಕೊಂಡವನು ಸರಕಾರದ ಹಣ ಇಟ್ಟುಕೊಂಡಂತಲ್ಲ. ಗೋಡೆ ಬಿದ್ದ ಮನೆಯ ಮುಂದೆ ಕುಳಿತವನ ಹಣವನ್ನು ಇಟ್ಟುಕೊಂಡಂತೆ.

ಆದರೆ ಈ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಬೆಳೆ ಸಾಲ ಮನ್ನಾದ ಹಣ ಖಾತೆಗೆ ಜಮೆಯಾಗಿ, ಆಮೇಲೆ ವಾಪಸು ಹೋಯಿತೆಂದು 2019ರಲ್ಲಿ ರಾಜ್ಯದ ಕೆಲವೆಡೆ ರೈತರು ದೂರಿದರು. ಬ್ಯಾಂಕುಗಳ ಪಟ್ಟಿಯ ತಪ್ಪಿನಿಂದ ಅರ್ಹವಲ್ಲದ ಸುಮಾರು 14 ಸಾವಿರ ಖಾತೆಗಳಿಗೆ ಹಣ ಹೋಗಿತ್ತೆಂದು ಸರಕಾರ ವಿವರಣೆ ಕೊಟ್ಟಿತು. ಲೆಕ್ಕ ಸರಿಯಿರಬಹುದು. ಆದರೆ ಸಾಲ ತೀರಿತೆಂದು ನೆಮ್ಮದಿಯಾಗಿ ಮಲಗಿದವನಿಗೆ ಬೆಳಗಾಗುವುದರೊಳಗೆ ಸಾಲ ತಿರುಗಿ ಹೆಗಲೇರಿದರೆ ಆಗುವ ಸಂಕಟ ಸಣ್ಣದಲ್ಲ. ತಪ್ಪು ಮಾಡಿದವರಿಗೆ ಹಣ ಕೇಳುವ ಹಕ್ಕಿದೆ. ಮೊದಲು ತಿಳಿಸುವ, ಕಾರಣ ಹೇಳುವ, ಸಮಯ ಕೊಡುವ ಹೊಣೆಯೂ ಇದೆ.

ನ್ಯಾಯಾಲಯಗಳೂ ಇದನ್ನು ಒಪ್ಪಿವೆ. ಪಂಜಾಬಿನ ನೌಕರರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2014ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪಿನಂತೆ, ಕೆಳದರ್ಜೆಯ ನೌಕರರಿಂದಲೂ ನಿವೃತ್ತರಿಂದಲೂ, ಐದು ವರ್ಷಕ್ಕೂ ಹೆಚ್ಚು ಕಾಲ ತಪ್ಪಾಗಿ ಕೊಟ್ಟ ಸಂಬಳವನ್ನೂ ಮಾಲೀಕರು ಹಿಂದಕ್ಕೆ ವಸೂಲು ಮಾಡುವಂತಿಲ್ಲ. ಕೊಟ್ಟವರದೇ ತಪ್ಪು, ಪಡೆದವರಲ್ಲಿ ಮೋಸವಿಲ್ಲ, ವಸೂಲಿಯಿಂದ ಬಡವನ ಬದುಕು ಕುಸಿಯುತ್ತದೆ ಎಂಬುದೇ ಅಲ್ಲಿನ ತತ್ತ್ವ. ಹೆಚ್ಚಾಗಿ ಕೊಟ್ಟ ಕೂಲಿಯನ್ನು ಮುಂದಿನ ಕೂಲಿಯಲ್ಲಿ ಮುರಿದುಕೊಳ್ಳಲು 1936ರ ವೇತನ ಪಾವತಿ ಕಾಯ್ದೆಯಲ್ಲಿಯೇ ಅವಕಾಶವಿತ್ತು. 2019ರ ವೇತನ ಸಂಹಿತೆಯಲ್ಲೂ ಇದೆ. ಆದರೆ ಒಂದು ಬಟವಾಡೆಯ ಅರ್ಧಕ್ಕಿಂತ ಹೆಚ್ಚು ಮುರಿಯುವಂತಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳಬೇಕು. ಸಂಘದಲ್ಲಿ ತೂಕದ ಚೀಟಿ ತಪ್ಪಿ ಸದಸ್ಯರಿಗೆ ಹೆಚ್ಚು ಹೋದರೆ ಮರುದಿನವೇ ಕಾಗದ ಬರೆಯುತ್ತೇವೆ. ಕಡಿಮೆ ಹೋಗಿದ್ದರೆ? ಸದಸ್ಯರು ಬಂದು ಕೇಳುವವರೆಗೆ ಸುಮ್ಮನಿದ್ದ ಪ್ರಸಂಗ ನಮ್ಮಲ್ಲೂ ಆಗಿಲ್ಲವೆನ್ನಲಾರೆವು. ಅದೂ ತಪ್ಪಿ ಬಂದ ಹಣವನ್ನು ಇಟ್ಟುಕೊಂಡಂತೆಯೇ. ಬೈಲಹೊಂಗಲದ ಹತ್ತಿ, ಕಿತ್ತೂರು ಕಡೆಯ ಕಬ್ಬು, ನಮ್ಮ ಅಡಿಕೆ, ಕಾಫಿ ಯಾವುದೇ ಇರಲಿ, ಬೆಳೆದವನು ತಕ್ಕಡಿಯನ್ನು ನಂಬಿ ಮಾಲು ಹಾಕುತ್ತಾನೆ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಲೂ ಅದರ ಬಂಡವಾಳ ಈ ನಂಬಿಕೆಯೇ.

ಇನ್ನು ಅನುಸರಿಸಬೇಕಾದ ಕ್ರಮ. ಗೊತ್ತಿಲ್ಲದ ಹಣ ಖಾತೆಗೆ ಬಂದರೆ ಮುಟ್ಟಬೇಡಿ. ಕೂಡಲೆ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. "ತಪ್ಪಿ ಕಳುಹಿಸಿದೆ, ಈ ನಂಬರಿಗೆ ವಾಪಸು ಹಾಕಿ" ಎಂದು ಫೋನು ಬಂದರೆ ಅವಸರ ಮಾಡಬೇಡಿ. ಈಗ ಇದೇ ಹೆಸರಿನಲ್ಲಿ ಮೋಸವೂ ನಡೆಯುತ್ತಿದೆ. ಹಣ ನಿಜವಾಗಿ ಬಂದಿದೆಯೇ ಎಂದು ಪಾಸುಪುಸ್ತಕದಲ್ಲಿ ನೋಡಿ, ಬ್ಯಾಂಕಿನ ಮೂಲಕವೇ ಹಿಂದಿರುಗಿಸಿ. ಖರ್ಚಾಗಿದ್ದರೆ ಮುಚ್ಚಿಡದೆ ಹೇಳಿ ಕಂತು ಕೇಳಿಕೊಳ್ಳಿ.

ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ಆಯ್ದಕ್ಕಿ ಮಾರಯ್ಯನ ಕತೆ ಎಲ್ಲರಿಗೂ ಗೊತ್ತು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದಳು. ಆ ಅಕ್ಕಿಯನ್ನು ಯಾರೂ ಲೆಕ್ಕ ಇಟ್ಟಿರಲಿಲ್ಲ, ಯಾರೂ ಕೇಳುವವರಿರಲಿಲ್ಲ. ದುಡಿಮೆಗೆ ಮೀರಿದ್ದು ತನ್ನದಲ್ಲವೆಂಬ ಅರಿವೊಂದೇ ಆಕೆಗೆ ಸಾಕಾಗಿತ್ತು.

ಸದಸ್ಯರ ಪ್ರಶ್ನೆ ಏನಾಯಿತೆಂದು ಓದುಗರು ಕೇಳಬಹುದು. ನಾಲ್ವರು ಅದೇ ವಾರ ಹಣ ಹಿಂದಿರುಗಿಸಿದರು. ಉಳಿದಿಬ್ಬರದನ್ನು ಮುಂದಿನ ಕೊಯ್ಲಿನಲ್ಲಿ ವಾರಕ್ಕಿಷ್ಟೆಂದು ಸ್ವಲ್ಪ ಸ್ವಲ್ಪವೇ ಮುರಿದುಕೊಳ್ಳುವುದಾಗಿ ಮಾತಾಯಿತು. ಬ್ಯಾಂಕಿನ ಖರ್ಚನ್ನು ತೋಟದವರೇ ಹೊತ್ತರು, ಏಕೆಂದರೆ ತಪ್ಪು ಅವರದು. ಮುಂದಿನ ವರ್ಷಕ್ಕೂ ಅದೇ ತಂಡವನ್ನು ಕರೆಯುವುದೆಂದು ಸದಸ್ಯರು ಆಗಲೇ ನಿಶ್ಚಯಿಸಿದ್ದಾರೆ.