ತುಂಬಿದ ಕೆನ್ನೆ ಮತ್ತು ಫ್ಲೂ ಲಸಿಕೆ

ಮೈಕೈ ತುಂಬಿಕೊಂಡ ಮಗುವನ್ನು ಕಂಡರೆ ದೃಷ್ಟಿ ತೆಗೆಯುವ ಸಂಪ್ರದಾಯ ನಮ್ಮದು. ಬಡಕಲು ಮಗುವಿನ ತಾಯಿಗಾದರೋ "ಏನೂ ತಿನ್ನಿಸುವುದಿಲ್ಲವೇನಮ್ಮ?" ಎಂಬ ಮಾತು ತಪ್ಪಿದ್ದಲ್ಲ. ಅಮೆರಿಕೆಗೆ ಬಂದು ಮೂರು ದಶಕಗಳಾದರೂ ನಾನೂ ಅದೇ ನಂಬಿಕೆಯಿಂದ ಆರು ವರ್ಷದ ಮೊಮ್ಮಗನ ತಟ್ಟೆಗೆ ಧಾರಾಳವಾಗಿ ತುಪ್ಪ ಬಡಿಸುತ್ತಿದ್ದೆ. ಅವನ ತೂಕ ಬೆಳವಣಿಗೆಯ ನಕ್ಷೆಯಲ್ಲಿ ತೊಂಬತ್ತೈದರ ಗೆರೆಯನ್ನು ದಾಟಿದೆಯೆಂದು ಮಕ್ಕಳ ವೈದ್ಯರು ತೋರಿಸಿದಾಗ ನನಗೆ ಒಳಗೊಳಗೇ ಹೆಮ್ಮೆಯೆನಿಸಿತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಅಕ್ಟೋಬರಿನಲ್ಲಿ ಲಸಿಕೆ ಹಾಕಿಸಿಕೊಂಡ ಹುಡುಗ ಫೆಬ್ರವರಿಯಲ್ಲಿ ಫ್ಲೂ ಜ್ವರದಿಂದ ಮಲಗಿದ. "ಚುಚ್ಚಿಸಿಕೊಂಡು ಬಂದ ಭಾಗ್ಯ ಇಷ್ಟೇನೆ?" ಎಂದು ಸೊಸೆಯನ್ನು ಕೇಳಿದೆ. "ಚುಚ್ಚಿಸದಿದ್ದರೆ ಆಸ್ಪತ್ರೆಗೇ ಸೇರಿಸಬೇಕಾಗುತ್ತಿತ್ತೋ ಏನೋ ಅತ್ತೆ" ಎಂದಳು. ಕಲಾ ವಿಭಾಗದಲ್ಲಿ ಓದಿದ ನಾನು ಈ ವಿಷಯವನ್ನು ಅರಿಯಲು ಹೊರಟದ್ದು ಅಂದಿನಿಂದ.

ಲಸಿಕೆ ಪಡೆದ ಸುಮಾರು ಎರಡು ವಾರಗಳಲ್ಲಿ ರಕ್ತದಲ್ಲಿ ಪ್ರತಿಕಾಯಗಳು ಸಿದ್ಧವಾಗುತ್ತವೆ. ಉತ್ತರ ಕೆರೊಲೈನಾ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ಥೂಲಕಾಯದ ವಯಸ್ಕರಲ್ಲಿ ಮೊದಲ ತಿಂಗಳು ಪ್ರತಿಕಾಯಗಳಿಗೆ ಕೊರತೆಯಿರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಮಾತ್ರ ಅವು ಇತರರಿಗಿಂತ ಹೆಚ್ಚಾಗಿ ಕುಸಿದಿದ್ದವು. ಸೋಂಕು ತಗುಲಿದ ಜೀವಕೋಶಗಳನ್ನು ನಾಶಮಾಡುವ ಟಿ-ಕೋಶಗಳೂ ಮಂದವಾಗಿದ್ದವು. ಅಲ್ಲಿಯದೇ 2017ರ ಅಧ್ಯಯನದಲ್ಲಿ, ಲಸಿಕೆ ಪಡೆದ ಸ್ಥೂಲಕಾಯರಿಗೆ ಫ್ಲೂ ಅಥವಾ ಅದನ್ನು ಹೋಲುವ ಕಾಯಿಲೆ ತಗುಲುವ ಸಂಭವ ಸಾಮಾನ್ಯ ತೂಕದವರಿಗಿಂತ ಎರಡರಷ್ಟಿತ್ತು. ಪ್ರತಿಕಾಯಗಳ ಲೆಕ್ಕವಾದರೋ ಇಬ್ಬರಲ್ಲಿಯೂ ಸರಿಸುಮಾರು ಒಂದೇ!

ಬೊಜ್ಜೆಂದರೆ ಸುಮ್ಮನೆ ಶೇಖರವಾಗಿ ಕುಳಿತ ಕೊಬ್ಬಲ್ಲ. ಅದು ಲೆಪ್ಟಿನ್ ಮುಂತಾದ ಹಾರ್ಮೋನುಗಳನ್ನು ಸ್ರವಿಸುತ್ತದೆ. ದೇಹದಲ್ಲಿ ಸದಾ ಸಣ್ಣಗೆ ಉರಿಯೂತವನ್ನು ಉಳಿಸಿರುತ್ತದೆ. ಇರುಳೆಲ್ಲ ಕೂಗುವ ಕಾವಲುಗಾರನ ಮಾತಿಗೆ ಕಳ್ಳ ಬಂದಾಗಲೂ ಊರವರು ಏಳದಿರುವಂತೆ, ರಕ್ಷಣಾ ವ್ಯವಸ್ಥೆಯೂ ಬೇಕಾದಾಗ ಚುರುಕಾಗದು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಆದರೆ ಇದೆಲ್ಲ ವಯಸ್ಕರ ವಿಚಾರ. ಮಕ್ಕಳ ಮೇಲೆ ನಡೆದ ಕೆಲವು ಅಧ್ಯಯನಗಳಲ್ಲಿ ಸ್ಥೂಲಕಾಯದ ಮಕ್ಕಳ ಪ್ರತಿಕಾಯಗಳು ಇತರರಿಗಿಂತ ಕಡಿಮೆಯೇನೂ ಇರಲಿಲ್ಲ. ಲಸಿಕೆ ಪಡೆದ ತೆಳ್ಳನೆಯ ಮಕ್ಕಳಿಗೂ ಫ್ಲೂ ಬರುವುದುಂಟು. ಆದುದರಿಂದ ಮೊಮ್ಮಗನ ಜ್ವರಕ್ಕೆ ನನ್ನ ತುಪ್ಪವೇ ಕಾರಣವೆಂದು ಯಾರೂ ತೀರ್ಪು ಕೊಡಲಾರರು. ಅಷ್ಟರಿಂದ ನನಗೆ ಸಮಾಧಾನವೂ ಆಗಲಿಲ್ಲ. ಬಾಲ್ಯದ ಬೊಜ್ಜು ಬಹಳ ಮಕ್ಕಳಲ್ಲಿ ಪ್ರಾಯಕ್ಕೂ ಹಿಂಬಾಲಿಸುತ್ತದೆಯಷ್ಟೆ.

"ಹೇಗೂ ಫಲವಿಲ್ಲ, ಲಸಿಕೆಯೇಕೆ?" ಎಂದು ಗೆಳತಿಯೊಬ್ಬರು ಕೇಳಿದರು. ಇದು ತಲೆಕೆಳಗಾದ ವಾದ. 2009ರ ಎಚ್1ಎನ್1 ಪಿಡುಗಿನಲ್ಲಿ ತೀವ್ರವಾಗಿ ನರಳಿದವರಲ್ಲಿ ಸ್ಥೂಲಕಾಯರು ಹೆಚ್ಚಾಗಿದ್ದುದು ಕಂಡುಬಂದಿತು. ಅಪಾಯ ಹೆಚ್ಚಿದ್ದವರಿಗೇ ರಕ್ಷಣೆ ಹೆಚ್ಚು ಬೇಕು. ಆರು ತಿಂಗಳು ತುಂಬಿದ ಮಕ್ಕಳಿಗೆ ಪ್ರತಿವರ್ಷವೂ ಲಸಿಕೆ ಕೊಡಿಸಬೇಕೆಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ಒಂಬತ್ತು ತುಂಬದವರಿಗೆ ಮೊದಲ ಸಲವಾದರೆ ನಾಲ್ಕು ವಾರಗಳ ಅಂತರದಲ್ಲಿ ಎರಡು ಬಾರಿ.

ಈಗ ತುಪ್ಪದ ಮಿಳ್ಳೆ ಸೊಸೆಯ ವಶದಲ್ಲಿದೆ. ಸಂಜೆ ಮೊಮ್ಮಗನೂ ನಾನೂ ಕೆರೆಯ ಸುತ್ತ ನಡೆಯುತ್ತೇವೆ. ಅವನು ಮುಂದೆ ಓಡಿ, ಏದುಸಿರು ಬಿಡುವ ಅಜ್ಜಿಗಾಗಿ ನಿಂತಿರುತ್ತಾನೆ.